ಒಡೆಯನಿಗೆ ಒಗ್ಗದ ಕಪ್ಪು

1590ರ ಶರತ್ಕಾಲ, ಕ್ಯೋಟೋ. ಹಕಾತಾ ಬಂದರಿನ ಸಿರಿವಂತ ವ್ಯಾಪಾರಿ ಕಮಿಯಾ ಸೋತಾನ್, ಚಹಾ ಗುರು ಸೆನ್ ನೊ ರಿಕ್ಯುವಿನ ಅತಿಥಿಯಾಗಿ ಬಂದಿದ್ದಾನೆ. ಈ ಸೋತಾನನಿಗೆ ಎಲ್ಲವನ್ನೂ ಬರೆದಿಡುವ ಚಟ. ಯಾರು ಚಹಾ ಕೊಟ್ಟರು, ಗೋಡೆಗೆ ಯಾವ ಸುರುಳಿ ತೂಗುಹಾಕಿದ್ದರು, ಯಾವ ಬಟ್ಟಲು ಬಂತು, ಎಲ್ಲವೂ ದಿನಚರಿಗೆ ಹೋಗುತ್ತಿತ್ತು. ಅವತ್ತಿನ ಪುಟದಲ್ಲಿ ಒಂದು ಸಣ್ಣ ವಿಷಯ ಇದೆ. ರಿಕ್ಯು ಕಪ್ಪು ಬಟ್ಟಲಿನಲ್ಲಿ ಚಹಾ ಮಾಡಿಕೊಟ್ಟ. ಆಮೇಲೆ ಅದನ್ನು ತೆಗೆದು, ಸೆಟೋ ಸೀಮೆಯ ಬಟ್ಟಲೊಂದನ್ನು ತಂದಿಟ್ಟ. ಕಾರಣವನ್ನೂ ಅವನೇ ಹೇಳಿದ. ಕಪ್ಪಿನಲ್ಲಿ ಚಹಾ ಮಾಡುವುದು ಒಡೆಯರಿಗೆ ಸೇರುವುದಿಲ್ಲ.

ಒಡೆಯರು ಅಂದರೆ ತೊಯೊತೊಮಿ ಹಿದೆಯೋಶಿ. ಹುಟ್ಟಿನಲ್ಲಿ ಏನೂ ಇಲ್ಲದವನು, ಕತ್ತಿಯ ಬಲದಿಂದ, ಬುದ್ಧಿಯ ಬಲದಿಂದ ಇಡೀ ಜಪಾನನ್ನು ಕೈಗೆ ತೆಗೆದುಕೊಂಡವನು. ಅವನ ಹತ್ತಿರ ಚಿನ್ನದ ಚಹಾ ಕೋಣೆ ಇತ್ತು. ಗೋಡೆ, ಕಂಬ, ಚಾವಣಿ, ಪಾತ್ರೆ ಎಲ್ಲಾ ಚಿನ್ನ. ಬಿಚ್ಚಿ, ಹೊತ್ತೊಯ್ದು, ಬೇಕಾದ ಕಡೆ ಮತ್ತೆ ಜೋಡಿಸಬಹುದಿತ್ತು. 1586ರಲ್ಲಿ ಅದನ್ನು ಚಕ್ರವರ್ತಿಯ ಅರಮನೆಗೇ ಹೊತ್ತುಕೊಂಡು ಹೋಗಿ ತೋರಿಸಿದ. ಇಂಥವನ ಚಹಾ ಗುರುವೇ ಈ ರಿಕ್ಯು. ಆ ಗುರುವಿಗೆ ಇಷ್ಟವಾದದ್ದು ಬೊಗಸೆಯಲ್ಲಿ ಮುಚ್ಚಿಹೋಗುವಂಥ ಒಂದು ಕಪ್ಪು ಮಣ್ಣಿನ ಬಟ್ಟಲು.

ಕಥೆ ಇಷ್ಟು ಸಿಕ್ಕರೆ ಸಾಕು, ಮುಂದಿನದನ್ನು ಎಲ್ಲರೂ ತಾವೇ ಬರೆದುಬಿಡುತ್ತಾರೆ. ಒಂದು ಕಡೆ ಚಿನ್ನ, ಇನ್ನೊಂದು ಕಡೆ ಮಣ್ಣು. ಒಂದು ಕಡೆ ದರ್ಪ, ಇನ್ನೊಂದು ಕಡೆ ಸರಳತೆ. ಜಪಾನಿನ ಸೌಂದರ್ಯದ ಬಗ್ಗೆ ಇಂಟರ್ನೆಟ್ಟಿನಲ್ಲಿ ಓದುವ ಬರಹಗಳಲ್ಲಿ ಅರ್ಧಕ್ಕರ್ಧ ಹೀಗೇ ಇರುತ್ತವೆ. ಬಡವರ ಬಟ್ಟಲು, ಓರೆಕೋರೆಯ ಚೆಲುವು, ತಾನಾಗಿ ಆದದ್ದು, ಇತ್ಯಾದಿ. ನನಗೆ ಈ ಮಾತುಗಳ ಮೇಲೆ ತಕರಾರಿದೆ. ಆ ಕಪ್ಪು ಬಟ್ಟಲು ಬಡವರದ್ದೂ ಅಲ್ಲ, ತಾನಾಗಿ ಆದದ್ದೂ ಅಲ್ಲ, ಆ ಕಾಲಕ್ಕೆ ಹಳೆಯದಂತೂ ಅಲ್ಲವೇ ಅಲ್ಲ. ಅವತ್ತಿನ ಕ್ಯೋಟೋದಲ್ಲಿ ಅದಕ್ಕಿಂತ ಹೊಸ ವಸ್ತು ಇನ್ನೊಂದು ಇತ್ತೋ ಇಲ್ಲವೋ.

ಈಗ ರಾಕು ಅಂತ ಕರೆಯುವ ಆ ಬಟ್ಟಲನ್ನು ಮಾಡಿದವನ ಹೆಸರು ಚೋಜಿರೋ. ಸತ್ತದ್ದು 1589ರಲ್ಲಿ. ಅವನ ಬಗ್ಗೆ ತಿಳಿದಿರುವುದು ತೀರಾ ಕಡಿಮೆ. ತಂದೆಯ ಹೆಸರು ಅಮೆಯಾ, ಚೀನಾದಿಂದ ಬಂದವನು ಅನ್ನುತ್ತಾರೆ. ಮಿಂಗ್ ಕಾಲದ ಚೀನಾದ ಬಣ್ಣಬಣ್ಣದ ಮಡಕೆ ಕೆಲಸ, ಹಸಿರು, ಹಳದಿ, ಕಂದು ಮೆರುಗು (ಸುಟ್ಟಾಗ ಕರಗಿ ಗಾಜಿನಂತಾಗುವ ಲೇಪ), ಇವೆಲ್ಲ ಆ ಮನೆಯ ಕಸುಬು. ಚೋಜಿರೋ ಮಾಡಿದ ಒಂದು ಸಿಂಹ ಈಗಲೂ ಕ್ಯೋಟೋದ ರಾಕು ವಸ್ತುಸಂಗ್ರಹಾಲಯದಲ್ಲಿದೆ. ಹಿಂಗಾಲು ಎತ್ತಿ, ಬಾಯಿ ತೆರೆದು, ಮೈಯೆಲ್ಲಾ ಕಸುವು ತುಂಬಿಕೊಂಡಿರುವ ಸಿಂಹ. ಹೊಟ್ಟೆಯ ಮೇಲೆ ಕೊರೆದ ಬರಹ ಇದೆ: 1574ರ ವಸಂತ, ಅಪ್ಪಣೆಯಂತೆ ಚೋಜಿರೋ ಇದನ್ನು ಮಾಡಿದ. ಆ ಸಿಂಹವನ್ನೂ ಕಪ್ಪು ಬಟ್ಟಲನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಕೈಯ ಕೆಲಸ ಅಂತ ನಂಬುವುದು ಕಷ್ಟ. ಅಬ್ಬರಿಸುವುದು ಹೇಗೆ ಅಂತ ಚೆನ್ನಾಗಿ ಗೊತ್ತಿದ್ದ ಮನುಷ್ಯ ಬಟ್ಟಲಿನ ಮುಂದೆ ಕೂತಾಗ ಅದನ್ನೆಲ್ಲ ಬಿಟ್ಟ. ಬರದೇ ಇರುವವನ ಸರಳತೆ ಬೇರೆ, ಬಂದೂ ಬಿಟ್ಟವನ ಸರಳತೆ ಬೇರೆ. ಅಲ್ವಾ?

ಅಲ್ಲಿಯವರೆಗೆ ಜಪಾನಿನ ದೊಡ್ಡ ಮನೆಗಳ ಚಹಾ ಬಟ್ಟಲುಗಳು ಹೊರಗಿನಿಂದ ಬಂದವು. ಚೀನಾದ ತೆನ್ಮೊಕು ಬಟ್ಟಲುಗಳು, ಆಮೇಲೆ ಕೊರಿಯಾದ ಇದೊ ಬಟ್ಟಲುಗಳು. ಚೀನಾದ ತೆನ್ಮೊಕು ಕೂಡ ಕಪ್ಪೇ. ಹಾಗಾಗಿ ಕಪ್ಪು ಬಣ್ಣ ಅಂಥ ಹೊಸದೇನಲ್ಲ. ಆದರೆ ಆ ಬಟ್ಟಲುಗಳೆಲ್ಲ ತಿಗರಿಯ ಮೇಲೆ ತಿರುಗಿ ಎದ್ದವು. ಬುಡ ಸಣ್ಣದು, ಬಾಯಿ ಅಗಲ, ಮೈ ಹೂವಿನಂತೆ ಮೇಲಕ್ಕೆ ತೆರೆದುಕೊಳ್ಳುತ್ತದೆ. ತಿಗರಿಯ ಸುತ್ತು ಮಣ್ಣನ್ನು ಹೊರಕ್ಕೆ ಎಸೆಯುತ್ತದೆ, ಅದರ ಗುಣವೇ ಅದು. ಚೋಜಿರೋ ತಿಗರಿಯನ್ನೇ ಬದಿಗಿಟ್ಟ. ಬರೀ ಕೈಯಲ್ಲಿ ಮಾಡಿದ. ಅವನ ಬಟ್ಟಲಿನ ಮೈ ನೆಟ್ಟಗೆ ಎದ್ದು, ಬಾಯಿಯ ಹತ್ತಿರ ತುಸು ಒಳಕ್ಕೆ ವಾಲುತ್ತದೆ. ತೆರೆದುಕೊಳ್ಳುವುದಿಲ್ಲ, ಮುಚ್ಚಿಕೊಳ್ಳುತ್ತದೆ.

1586ರ ಒಂದು ಚಹಾ ದಿನಚರಿಯಲ್ಲಿ 'ಸೋಯೆಕಿ ಆಕಾರದ ಬಟ್ಟಲು' ಅನ್ನುವ ಮಾತು ಬರುತ್ತದೆ. ಸೋಯೆಕಿ ಅಂದರೆ ರಿಕ್ಯುವಿನ ಇನ್ನೊಂದು ಹೆಸರು. ಅಂದರೆ ಆಗಲೇ ಜನ ಅದನ್ನು ರಿಕ್ಯುವಿನ ಆಕಾರ ಅಂತ ಗುರುತಿಸುತ್ತಿದ್ದರು. ಬೇಕಾದ ಬಟ್ಟಲು ಯಾವುದು ಅಂತ ಒಬ್ಬ ಯೋಚಿಸಿದ, ಇನ್ನೊಬ್ಬ ಅದನ್ನು ಮಣ್ಣಿನಲ್ಲಿ ತಂದ. ಈ ಬಟ್ಟಲುಗಳನ್ನು ಆಗ ಕರೆಯುತ್ತಿದ್ದದ್ದು 'ಇಮಾಯಾಕಿ' ಅಂತ. ಈಗಿನ ಕಾಲದ ಮಡಕೆ. ನಾನ್ನೂರು ವರ್ಷ ಕಳೆದು ನಾವು ಅದನ್ನು ನೋಡಿ ಎಷ್ಟು ಪುರಾತನ ಅಂತ ತಲೆದೂಗುತ್ತೇವೆ!

ಒಂದೇ ಒಂದು ಬಟ್ಟಲು ಹಿಡಿದು ಮಾತಾಡೋಣ. ಹೆಸರು 'ಶುನ್ಕಾನ್'. ಟೋಕಿಯೋದ ನಿಹೋಂಬಾಶಿಯಲ್ಲಿರುವ ಮಿತ್ಸುಯಿ ಸ್ಮಾರಕ ವಸ್ತುಸಂಗ್ರಹಾಲಯದ್ದು. ಎತ್ತರ ಸುಮಾರು 8 ಸೆಂಟಿಮೀಟರ್, ಬಾಯಿಯ ಅಗಲ 11ರ ಹತ್ತಿರ. ಸರ್ಕಾರ ಅದನ್ನು ಮುಖ್ಯ ಸಾಂಸ್ಕೃತಿಕ ಆಸ್ತಿ ಅಂತ ಘೋಷಿಸಿದೆ.

ಹೆಸರಿನ ಹಿಂದೆ ಒಂದು ಕಥೆ ಇದೆ. 1177ರಲ್ಲಿ, ಆಗ ಅಧಿಕಾರ ಹಿಡಿದಿದ್ದ ತೈರಾ ಮನೆತನದ ವಿರುದ್ಧ ಪಿತೂರಿ ಮಾಡಿದ ಆರೋಪದ ಮೇಲೆ ಮೂವರನ್ನು ದಕ್ಷಿಣ ಸಮುದ್ರದ ಕಿಕಾಯ್ ದ್ವೀಪಕ್ಕೆ ಗಡೀಪಾರು ಮಾಡಿದರು. ಅವರಲ್ಲೊಬ್ಬ ಶುನ್ಕಾನ್ ಅನ್ನುವ ಸನ್ಯಾಸಿ. ಮರುವರ್ಷ ಕ್ಷಮಾಪಣೆಯ ಪತ್ರ ಹೊತ್ತು ಹಡಗು ಬಂತು. ಪತ್ರದಲ್ಲಿ ಇಬ್ಬರ ಹೆಸರಿತ್ತು, ಶುನ್ಕಾನ್‌ನದ್ದು ಇರಲಿಲ್ಲ. ಇಬ್ಬರು ಹಡಗು ಹತ್ತಿದರು, ಅವನೊಬ್ಬ ದಡದಲ್ಲಿ ಉಳಿದ. ಈ ಕಥೆಯನ್ನು 'ನೋ' ಅನ್ನುವ ಜಪಾನಿನ ಹಳೆಯ ನಾಟಕ ಪ್ರಕಾರದಲ್ಲಿ ಇಂದಿಗೂ ಆಡುತ್ತಾರೆ.

ಈಗ ಬಟ್ಟಲಿಗೆ ಬರೋಣ. ಅದೇ ದಕ್ಷಿಣ ದಿಕ್ಕಿನ ಸತ್ಸುಮಾ ಸೀಮೆಯಲ್ಲಿದ್ದ ಶಿಷ್ಯನೊಬ್ಬ ಬಟ್ಟಲು ಬೇಕು ಅಂತ ರಿಕ್ಯುವಿಗೆ ಹೇಳಿಕಳಿಸಿದನಂತೆ. ರಿಕ್ಯು ಚೋಜಿರೋ ಮಾಡಿದ ಮೂರನ್ನು ಕಳಿಸಿದ. ಶಿಷ್ಯ ಒಂದನ್ನು ಇಟ್ಟುಕೊಂಡು ಎರಡನ್ನು ವಾಪಸ್ ಕಳಿಸಿದ. ದೂರದ ಸೀಮೆಯಲ್ಲಿ ಒಂಟಿಯಾಗಿ ಉಳಿದದ್ದು ಇದೊಂದೇ. ಅದಕ್ಕೇ ಆ ಹೆಸರು. ಚಹಾ ಲೋಕದವರ ತಮಾಷೆ ಸ್ವಲ್ಪ ಕಹಿಯಾದದ್ದೇ. ಶಿಷ್ಯ ಆರಿಸಿಕೊಂಡದ್ದು ಅದು ಚೆನ್ನಾಗಿದೆ ಅಂತ. ಹೆಸರು ಬಂದದ್ದು ಮಾತ್ರ ಕೈಬಿಟ್ಟವನದ್ದು.

ನೋಡಲು ಹೇಗಿದೆ ಅಂದರೆ, ಹೊಳಪು ಇಲ್ಲ. ಚೋಜಿರೋ ಕಪ್ಪಿನ ಮುಖ್ಯ ಲಕ್ಷಣ ಅದು. ವರ್ಷಗಟ್ಟಲೆ ಎಣ್ಣೆಯಲ್ಲಿ ಪಳಗಿದ ದೋಸೆ ಕಾವಲಿಯ ಮೈ ನೆನಪಿಸಿಕೊಳ್ಳಿ, ಆ ಜಾತಿಯ ಕಪ್ಪು. ಬೆಳಕು ಬಿದ್ದರೆ ತಿರುಗಿ ಎಸೆಯುವುದಿಲ್ಲ, ಒಳಗೆ ಎಳೆದುಕೊಳ್ಳುತ್ತದೆ. ಸ್ವಲ್ಪ ಹೊತ್ತು ನೋಡುತ್ತಾ ನಿಂತರೆ ಅಲ್ಲಲ್ಲಿ ಕಂದು ಕಾಣಲು ಶುರುವಾಗುತ್ತದೆ. ಮೆರುಗು ಪೂರ್ತಿ ಕರಗಿ ಗಾಜಾಗುವ ಮೊದಲೇ ಬಟ್ಟಲು ಬೆಂಕಿಯಿಂದ ಹೊರಗೆ ಬಂದಿದೆ. ಅಲ್ಲೇ ನಿಲ್ಲಿಸಬೇಕು ಅಂತ ಯಾರೋ ನಿರ್ಧಾರ ಮಾಡಿದ್ದಾರೆ.

ಆ ನಿರ್ಧಾರ ಹೇಗೆ ಆಗುತ್ತದೆ ಅಂತ ತಿಳಿಯಬೇಕಾದರೆ ಮಣ್ಣಿನಿಂದ ಶುರು ಮಾಡಬೇಕು.

ಚೋಜಿರೋ ಹಾಕಿಕೊಟ್ಟ ಕಸುಬು ಕ್ಯೋಟೋದ ರಾಕು ಮನೆತನದಲ್ಲಿ ಇಂದಿಗೂ ನಡೆಯುತ್ತಿದೆ. ಈಗ 16ನೆಯ ತಲೆಮಾರು. ಆ ಮನೆಯಲ್ಲಿ ಮಣ್ಣನ್ನು ಅಗೆದ ಕೂಡಲೇ ಬಳಸುವುದಿಲ್ಲ. ದಶಕಗಟ್ಟಲೆ ಕೂಡಿಡುತ್ತಾರೆ. ತಾತ, ಮುತ್ತಾತ ತಂದಿಟ್ಟ ಮಣ್ಣಿನಲ್ಲಿ ಮೊಮ್ಮಗ ಬಟ್ಟಲು ಮಾಡುತ್ತಾನೆ, ತಾನು ತಂದ ಮಣ್ಣನ್ನು ಇನ್ನೂ ಹುಟ್ಟದ ಮೊಮ್ಮಗನಿಗೆ ಬಿಟ್ಟುಹೋಗುತ್ತಾನೆ.

ಆ ಮಣ್ಣನ್ನು ಮಿದ್ದು, ಚಪ್ಪಟೆಯಾಗಿ ತಟ್ಟಿ, ಅಂಚನ್ನು ಎರಡೂ ಅಂಗೈಗಳ ನಡುವೆ ಮೆಲ್ಲಗೆ ಮೇಲಕ್ಕೆ ಎಬ್ಬಿಸುತ್ತಾರೆ. ಬಟ್ಟಲು ಮೊದಲು ಅಂಗೈಯ ಆಕಾರಕ್ಕೆ ಬರುತ್ತದೆ. ಆಗ ಅದು ದಪ್ಪ, ಭಾರ, ಒರಟು. ಸ್ವಲ್ಪ ಒಣಗಿ ಗಟ್ಟಿಯಾದ ಮೇಲೆ ನಿಜವಾದ ಕೆಲಸ ಶುರು. ಉಳಿ, ಕತ್ತಿಯಂಥ ಹತಾರ ಹಿಡಿದು ಒಳಗೂ ಹೊರಗೂ ಹೆರೆಯುತ್ತಾ ಹೋಗುತ್ತಾರೆ. ತಿಗರಿಯ ಕುಂಬಾರ ಮಣ್ಣನ್ನು ಎಳೆದು ಗೋಡೆ ತೆಳುವಾಗಿಸುತ್ತಾನೆ, ಇಲ್ಲಿ ಬೇಡದ್ದನ್ನು ತೆಗೆದು ತೆಳುವಾಗಿಸುತ್ತಾರೆ. ಶಿಲ್ಪಿಯ ಕೆಲಸಕ್ಕೆ ಹತ್ತಿರ. 15ನೆಯ ತಲೆಮಾರಿನ ರಾಕು ಕಿಚಿಜಾಯೆಮೊನ್ ಟೋಕಿಯೋದಲ್ಲಿ ಶಿಲ್ಪಕಲೆ ಓದಿ, ರೋಮಿಗೂ ಹೋಗಿ ಬಂದವರು ಅನ್ನುವುದು ಇಲ್ಲಿ ಸುಮ್ನೆ ಕಾಕತಾಳೀಯ ಅಲ್ಲ ಅನ್ನಿಸುತ್ತದೆ.

ಕಪ್ಪು ಮೆರುಗು ಬರುವುದು ಕ್ಯೋಟೋ ನಡುವೆ ಹರಿಯುವ ಕಮೋ ನದಿಯ ಕಲ್ಲಿನಿಂದ. ಕಬ್ಬಿಣ, ಮ್ಯಾಂಗನೀಸ್ ಇರುವ ಕಪ್ಪು ಕಲ್ಲು. ಅದನ್ನು ಪುಡಿ ಮಾಡಿ, ಬೇಗ ಕರಗಲು ಬೇಕಾದ್ದನ್ನು ಬೆರೆಸಿ, ನೀರಿನಲ್ಲಿ ಕಲಸಿ ಬಳಿಯುತ್ತಾರೆ. ಒಂದು ಸಲ ಬಳಿ, ಒಣಗಿಸು, ಮತ್ತೆ ಬಳಿ. ಹೀಗೆ ಹತ್ತು ಸಲದವರೆಗೂ ಹೋಗುತ್ತದೆ. ಬಟ್ಟಲಿನ ಗೋಡೆಯ ಮೇಲೆ ಕಲ್ಲಿನ ಇನ್ನೊಂದು ಗೋಡೆ ಎದ್ದಹಾಗೆ.

ಇನ್ನು ಬೆಂಕಿ. ನಮ್ಮಲ್ಲಿ ಆವಿಗೆ ಅಂದರೆ ನೂರಾರು ಮಡಕೆ ಒಟ್ಟಿಗೆ ಪೇರಿಸಿ ಸುಡುವುದು. ಜಪಾನಿನಲ್ಲೂ ಗುಡ್ಡದ ಇಳಿಜಾರಿಗೆ ಮಲಗಿದ ಉದ್ದನೆಯ ಆವಿಗೆಗಳಲ್ಲಿ ರಾಶಿ ರಾಶಿ ಸುಡುತ್ತಿದ್ದರು. ಕಪ್ಪು ರಾಕುವಿನ ಒಲೆ ಮನೆಯ ಒಳಗೇ ಇರುವ ಪುಟ್ಟ ಒಲೆ. ಒಂದು ಸಲಕ್ಕೆ ಒಂದು ಬಟ್ಟಲು. ನಡುವೆ ಒಂದು ಗೂಡು, ಅದರೊಳಗೆ ಬಟ್ಟಲು, ಸುತ್ತ ಇದ್ದಿಲು. ಪಕ್ಕದಲ್ಲಿ ತಿದಿ. ತಿದಿ ಒತ್ತಿದಂತೆ ಇದ್ದಿಲು ಬಿಳಿಯಾಗಿ ಉರಿಯುತ್ತದೆ, ಶಾಖ 1200 ಡಿಗ್ರಿಯ ಹತ್ತಿರಕ್ಕೆ ಏರುತ್ತದೆ. ಕೆಂಪು ರಾಕುವಿಗೆ ಇಷ್ಟೆಲ್ಲ ಬೇಡ, ಅದು ತುಂಬಾ ಕಡಿಮೆ ಶಾಖದಲ್ಲೇ ಮುಗಿಯುತ್ತದೆ.

ಮೆರುಗು ಕರಗುತ್ತಿರುವುದನ್ನು ಕಣ್ಣಿನಿಂದಲೇ ನೋಡಿ ತಿಳಿಯಬೇಕು. ಒಂದು ಹಂತದಲ್ಲಿ ಉದ್ದನೆಯ ಇಕ್ಕಳ ತಂದು, ನಿಗಿನಿಗಿ ಕೆಂಡದಂತಿರುವ ಬಟ್ಟಲನ್ನು ಕಚ್ಚಿ ಹಿಡಿದು ಹೊರಗೆ ಎಳೆಯುತ್ತಾರೆ. ಹೊರಗಿನ ಗಾಳಿ ತಾಗಿದ ಮೇಲೆ ಕೆಂಪು ಇಳಿಯುತ್ತಾ ಬರುತ್ತದೆ, ಕಪ್ಪು ಏರುತ್ತಾ ಬರುತ್ತದೆ. ಇಡೀ ಕಸುಬಿನ ಗುಟ್ಟು ಇರುವುದು ಈ ಎಳೆತದಲ್ಲಿ. ಕಬ್ಬಿಣದ ಮೆರುಗು ಒಲೆಯೊಳಗೇ ನಿಧಾನಕ್ಕೆ ಆರಿದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಫಕ್ಕನೆ ತಣ್ಣಗಾದರೆ ಕಪ್ಪಾಗಿ ನಿಲ್ಲುತ್ತದೆ. ಮಿನೋ ಸೀಮೆಯ ಕುಂಬಾರರೂ ಅದೇ ಕಾಲದಲ್ಲಿ ದೊಡ್ಡ ಆವಿಗೆಯಿಂದ ಬಟ್ಟಲುಗಳನ್ನು ಹೀಗೆ ಎಳೆದು ತೆಗೆದು ಕಪ್ಪು ಮಾಡುತ್ತಿದ್ದರು. ಅದಕ್ಕೆ ಸೆಟೋಗುರೋ ಅನ್ನುತ್ತಾರೆ. ಅದು ಇನ್ನೂ ಕಡುಗಪ್ಪು, ಹೊಳಪೂ ಜಾಸ್ತಿ. ಕಪ್ಪು ರಾಕು ಬಟ್ಟಲುಗಳ ಹೊಟ್ಟೆಯ ಮೇಲೆ ಇಕ್ಕಳ ಕಚ್ಚಿದ ಗುರುತು ಎಷ್ಟೋ ಸಲ ಕಾಣುತ್ತದೆ. ಅದನ್ನು ತೇಪೆ ಹಾಕಿ ಮುಚ್ಚುವುದಿಲ್ಲ, ಹಾಗೇ ಬಿಡುತ್ತಾರೆ.

ಸಾವಿರಕ್ಕೂ ಮೀರಿದ ಡಿಗ್ರಿಯಿಂದ ಒಮ್ಮೆಲೇ ಹೊರಗೆ ಎಳೆದರೆ ಮಣ್ಣು ಸಿಡಿದು ಚೂರಾಗಬೇಕಲ್ಲ? ಮಾಮೂಲಿ ಮಣ್ಣಾದರೆ ಆಗುತ್ತದೆ. ಪಿಂಗಾಣಿಯಂತೂ ಕೇಳುವುದೇ ಬೇಡ. ರಾಕು ಮಣ್ಣು ಒರಟು, ಒಳಗೆಲ್ಲ ಸಣ್ಣ ಸಣ್ಣ ತೂತು. ಹಿಗ್ಗಲು ಕುಗ್ಗಲು ಅದಕ್ಕೆ ಜಾಗ ಇದೆ. ಬಟ್ಟಲು ಮಾಡುವಾಗ ಕಾಪಾಡಿದ ಆ ತೂತುಗಳೇ ಮುಂದೆ ಕುಡಿಯುವವನ ಕೈಯನ್ನೂ ಕಾಪಾಡುತ್ತವೆ. ಶಾಖ ಗೋಡೆ ದಾಟಿ ಹೊರಗೆ ಬರಲು ಹೊತ್ತು ಹಿಡಿಯುತ್ತದೆ. ಒಳಗೆ ಬಿಸಿ ಚಹಾ ಇದ್ದರೂ ಎರಡೂ ಕೈಯಲ್ಲಿ ತಬ್ಬಿ ಹಿಡಿಯಬಹುದು. ಚಹಾ ಬೇಗ ಆರುವುದೂ ಇಲ್ಲ. ಈ ಬಟ್ಟಲಿಗೆ ಕಿವಿ ಇಲ್ಲ, ಬಸಿ ಇಲ್ಲ. ಬೇಕಾಗಿಯೂ ಇಲ್ಲ.

ಅದರಲ್ಲಿ ಕುಡಿಯುತ್ತಿದ್ದದ್ದು ಹೆಚ್ಚಾಗಿ ಕೊಯಿಚಾ, ಅಂದರೆ ಗಟ್ಟಿ ಚಹಾ. ಈಗ ಬೆಂಗಳೂರಿನ ಕೆಫೆಗಳಲ್ಲಿ ಹಾಲು ಸಕ್ಕರೆ ಸುರಿದು ಮಾಚಾ ಅಂತ ಕೊಡುತ್ತಾರಲ್ಲ, ಅದೇ ಪುಡಿ. ಆದರೆ ಇಲ್ಲಿ ಅದು ಪಾಯಸಕ್ಕಿಂತ ಮಂದ. ಒಂದೇ ಬಟ್ಟಲಿನಿಂದ ಅತಿಥಿಗಳೆಲ್ಲ ಸರದಿಯಲ್ಲಿ ಕುಡಿಯುತ್ತಾರೆ. ಎಂಜಲು ಅಂತ ನಮ್ಮ ಅಜ್ಜಿಯಂದಿರು ಮೂಗು ಮುರಿಯುತ್ತಿದ್ದರೇನೋ. ಅವರೂ ಅಂಚು ಒರೆಸಿಯೇ ಮುಂದಿನವರಿಗೆ ಕೊಡುತ್ತಾರೆ ಅನ್ನಿ. ಹೊರಗೆ ಕತ್ತಿ ಬಿಚ್ಚಿಟ್ಟು, ತಲೆ ಬಗ್ಗಿಸಿ ಗೂಡಿನಂಥ ಬಾಗಿಲಿನಿಂದ ಒಳಗೆ ನುಸುಳಿ, ಎರಡು ಚಾಪೆಯಷ್ಟೇ ಜಾಗದಲ್ಲಿ ಮಂಡಿಯೂರಿ, ಪಕ್ಕದವನು ತುಟಿ ಇಟ್ಟ ಬಟ್ಟಲಿಗೆ ತುಟಿ ಇಡಬೇಕು. ಯಾಮಾಜಾಕಿಯ ಮ್ಯೋಕಿಆನ್ ದೇವಾಲಯದಲ್ಲಿರುವ ತಾಯ್ಆನ್ ಕೋಣೆ ರಿಕ್ಯು ಕಟ್ಟಿಸಿದ್ದು ಅನ್ನುತ್ತಾರೆ. ಅದು ಅಷ್ಟೇ ಪುಟ್ಟದು, ಒಳಗೆ ಮಬ್ಬು. ಅಂಥ ಮಬ್ಬಿನಲ್ಲಿ ಕಪ್ಪು ಬಟ್ಟಲು ಕಣ್ಣಿಗೆ ಕಾಣುವುದೇ ಕಡಿಮೆ. ಎದ್ದು ಕಾಣುವುದು ಚಹಾದ ಹಸಿರು ಮಾತ್ರ. ಬಟ್ಟಲನ್ನು ಕಾಣಬೇಕಾದದ್ದು ಕೈಯಿಂದ, ತುಟಿಯಿಂದ.

ಹಾಗಾದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೇಲಿಂದ ಬೆಳಕು ಬಿಟ್ಟು ನೋಡಿದರೆ ಏನು ಗೊತ್ತಾದೀತು? ನನಗೂ ಹಾಗೇ ಅನ್ನಿಸಿತ್ತು. ಕ್ಯೋಟೋದ ರಾಕು ವಸ್ತುಸಂಗ್ರಹಾಲಯದವರು ಆಗಾಗ ಬಟ್ಟಲನ್ನು ಕೈಗೆ ಕೊಡುವ ಕೂಟ ನಡೆಸುತ್ತಾರೆ. ಒಸಾಕಾದಲ್ಲಿ ಕೆಲಸ ಮಾಡುವ ಗೆಳತಿಯೊಬ್ಬಳನ್ನು ಭಾಷೆಗೆ ಜೊತೆಮಾಡಿಕೊಂಡು ಒಮ್ಮೆ ಹೋದೆ. ಉಂಗುರ, ವಾಚು ಎಲ್ಲ ಬಿಚ್ಚಿಡಿಸಿದರು. ಮೊಣಕೈಯನ್ನು ಚಾಪೆಯಿಂದ ಮೇಲೆ ಎತ್ತಬಾರದು. ಜಾರಿದರೂ ಬೀಳುವ ಎತ್ತರ ಕಡಿಮೆ ಇರಲಿ ಅಂತ. ನನ್ನ ಕೈಗೆ ಬಂದದ್ದು ಚೋಜಿರೋ ಬಟ್ಟಲಲ್ಲ, ಅಷ್ಟು ಪುಣ್ಯ ಎಲ್ಲಿ. ಎಷ್ಟೋ ತಲೆಮಾರು ಈಚಿನ ಒಂದು ಕಪ್ಪು ಬಟ್ಟಲು.

ಎತ್ತಿದ ಕೂಡಲೇ ತಿಳಿದದ್ದು ಹಗುರ. ಕಣ್ಣು ಹೇಳಿದ ತೂಕಕ್ಕೂ ಕೈಗೆ ಬಂದ ತೂಕಕ್ಕೂ ತಾಳೆ ಇರಲಿಲ್ಲ. ಕಲ್ಲಿನಂತೆ ಕಾಣುವುದು ಸೋರೆಬುರುಡೆಯಂತೆ ಎದ್ದು ಬಂತು. ಆಮೇಲೆ ಬೆರಳು. ಮೈ ಗುಂಡಗಿದೆ ಅಂತ ಕಂಡಿದ್ದೆ, ಗುಂಡಗೆ ಇರಲಿಲ್ಲ. ನಡುವಿನಲ್ಲಿ ಒಂದು ಸಣ್ಣ ತಗ್ಗು, ಬಲಗೈಯ ಬೆರಳುಗಳು ಹುಡುಕದೆಯೇ ಅಲ್ಲಿಗೆ ಹೋಗಿ ಕೂತವು. ಬುಡದ ಬಳೆಯ ಅಂಚಿಗೆ ಉಂಗುರಬೆರಳು ತಾಗಿತು. ಒಳಗೆ ತಳದಲ್ಲಿ ಒಂದು ಸಣ್ಣ ಕುಳಿ, ಕುಡಿದು ಉಳಿದ ಹನಿ ಬಂದು ನಿಲ್ಲಲು. ಅಂಚನ್ನು ಬೆರಳಿನಿಂದ ಸುತ್ತಿದರೆ ಏರಿಳಿತ ಇದೆ, ಆದರೆ ತುಟಿ ಇಡುವ ಕಡೆ ಎಷ್ಟು ನುಣುಪಾಗಿತ್ತು ಅಂದರೆ, ಅದು ಅದೃಷ್ಟದಿಂದ ಆದದ್ದು ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಓರೆ ಇದೆ. ಆ ಓರೆಯನ್ನು ಹೆರೆದು ಹೆರೆದು ಮಾಡಿದ್ದಾರೆ.

ಇಷ್ಟೆಲ್ಲ ಆದಮೇಲೆ ಬೆಲೆಯ ಮಾತು. ಸರಳವಾದದ್ದು ಅಗ್ಗ ಇರುತ್ತದೆ ಅನ್ನುವುದು ನಮ್ಮ ಭ್ರಮೆ. 1591ರಲ್ಲಿ, ಆ ಚಹಾ ಕೂಟದ ಆರೇಳು ತಿಂಗಳಿಗೇ, ಹೊಟ್ಟೆ ಸೀಳಿಕೊಂಡು ಸಾಯಬೇಕು ಅಂತ ಹಿದೆಯೋಶಿ ರಿಕ್ಯುವಿಗೆ ಅಪ್ಪಣೆ ಮಾಡಿದ. ರಿಕ್ಯು ಸತ್ತ. ವಯಸ್ಸು ಎಪ್ಪತ್ತರ ಹತ್ತಿರ. ಯಾಕೆ ಅನ್ನುವುದಕ್ಕೆ ಇತಿಹಾಸಕಾರರು ಇವತ್ತಿಗೂ ಜಗಳ ಆಡುತ್ತಾರೆ. ದಾಯ್ತೊಕುಜಿ ದೇವಾಲಯದ ಹೆಬ್ಬಾಗಿಲ ಮೇಲೆ ರಿಕ್ಯುವಿನ ಮರದ ಮೂರ್ತಿ ಇಟ್ಟಿದ್ದರು, ಒಡೆಯ ಅದರ ಪಾದದ ಕೆಳಗೆ ಹಾಯಬೇಕಾಗುತ್ತಿತ್ತು ಅನ್ನುವುದು ಒಂದು ಕಾರಣ. ಇನ್ನೊಂದು ಆರೋಪ ನನ್ನ ವಿಷಯಕ್ಕೆ ಹತ್ತಿರದ್ದು: ಹೊಸ ಸಾಮಾನು ಮಾಡಿಸಿ ಭಾರಿ ಬೆಲೆಗೆ ಮಾರಿದ ಅಂತ. ನಿಜವೋ ಸುಳ್ಳೋ, ಅಂಥ ಆರೋಪ ಹೊರಿಸಲು ಸಾಧ್ಯವಾಯಿತಲ್ಲ, ಅದನ್ನು ಗಮನಿಸಿ. ಚೀನಾದ ನಾನೂರು ವರ್ಷ ಹಳೆಯ ಬಟ್ಟಲಿಗೆ ಬೆಲೆ ಕಟ್ಟುವುದು ಎಲ್ಲರಿಗೂ ಗೊತ್ತಿತ್ತು. ನಿನ್ನೆ ಮೊನ್ನೆ ಪಕ್ಕದ ಬೀದಿಯಲ್ಲಿ ಸುಟ್ಟ ಮಣ್ಣಿಗೆ ಅಷ್ಟೇ ಬೆಲೆ ಅಂತ ಒಬ್ಬ ಹೇಳಿದರೆ? ಬೆಲೆ ಎಷ್ಟು ಅಂತ ಹೇಳುವ ಹಕ್ಕು ಯಾರದ್ದು ಅನ್ನುವುದೇ ಪ್ರಶ್ನೆಯಾಗುತ್ತದೆ. ಹಿದೆಯೋಶಿಗೆ ಕಪ್ಪು ಬಣ್ಣ ಹಿಡಿಸದೇ ಇದ್ದದ್ದು ಬರೀ ಕಣ್ಣಿನ ವಿಷಯ ಅಂತ ನನಗೆ ಅನ್ನಿಸುವುದಿಲ್ಲ. ಚಿನ್ನಕ್ಕೆ ಚಿನ್ನದ ಬೆಲೆ ಇದ್ದೇ ಇದೆ, ಯಾರ ಅಪ್ಪಣೆಯೂ ಬೇಡ. ಈ ಬಟ್ಟಲಿನ ಬೆಲೆ ರಿಕ್ಯುವಿನ ಮಾತಿನಲ್ಲಿತ್ತು.

ತಮಾಷೆ ನೋಡಿ, ಆ ಬಟ್ಟಲಿಗೆ ಕೊನೆಗೆ ಅಂಟಿಕೊಂಡದ್ದು ಹಿದೆಯೋಶಿಯ ಅರಮನೆಯ ಹೆಸರೇ. ಕ್ಯೋಟೋದಲ್ಲಿ ಅವನು ಕಟ್ಟಿಸಿದ ಜುರಾಕುದಾಯ್ ಅರಮನೆಯ ಹೆಸರಿನಿಂದಲೇ ರಾಕು ಬಂತು ಅನ್ನುತ್ತಾರೆ. 1587ರಲ್ಲಿ ಮುಗಿದ ಆ ಅರಮನೆಯನ್ನು 1595ರಲ್ಲಿ ಅವನೇ ಕೆಡವಿಸಿದ. ಬಟ್ಟಲಿನಲ್ಲಿ ಹೆಸರು ಉಳಿಯಿತು.

ಮುಂದೆ ಆ ಮನೆತನದಲ್ಲಿ ಏನೇನಾಯಿತು ಅನ್ನುವುದನ್ನು ಓಡಿಸಿ ಹೇಳುತ್ತೇನೆ, ಇಲ್ಲದಿದ್ದರೆ ಈ ಬರಹ ಮುಗಿಯುವುದಿಲ್ಲ. ಮೂರನೆಯವನಾದ ದೋನ್ಯು (1599-1656) ಚೋಜಿರೋವಿನ ಮಂಕು ಕಪ್ಪನ್ನು ಬಿಟ್ಟು ಹೊಳೆಯುವ ಕಪ್ಪು ಹಿಡಿದ. ಗೋಡೆ ತೆಳುವಾಯಿತು, ಮೆರುಗು ಅಂಚಿನಿಂದ ಪರದೆಯಂತೆ ಇಳಿಯಿತು. ನಾಲ್ಕನೆಯ ಇಚಿನ್ಯು ಕಪ್ಪಿನ ನಡುವೆ ಕೆಂಪು ಮೂಡಿಸಿದ. ಐದನೆಯ ಸೋನ್ಯು ಬೇರೆ ಮನೆಯಿಂದ ದತ್ತು ಬಂದವನು. ಅವನು ಮಾತ್ರ ಹಿಂದಕ್ಕೆ ತಿರುಗಿ ಚೋಜಿರೋವಿನ ಮಂಕು ಕಪ್ಪನ್ನೇ ಹುಡುಕಿದ. ಮೆರುಗಿನ ಲೆಕ್ಕವನ್ನು ಅಪ್ಪ ಮಗನಿಗೆ ಹೇಳಿಕೊಡುವ ಪದ್ಧತಿ ಆ ಮನೆಯಲ್ಲಿ ಇಲ್ಲ. ಮಣ್ಣು ಕೊಡುತ್ತಾರೆ, ಒಲೆ ಕೊಡುತ್ತಾರೆ, ಕಪ್ಪನ್ನು ನೀನೇ ಹುಡುಕಿಕೋ ಅನ್ನುತ್ತಾರೆ. ಹದಿನಾರು ತಲೆಮಾರಿನ ಕಪ್ಪುಗಳು ಒಂದರಂತೆ ಒಂದಿಲ್ಲ ಅನ್ನುವುದಕ್ಕೆ ಇದೇ ಕಾರಣ ಇರಬೇಕು.

ಹೊನಾಮಿ ಕೋಯೆತ್ಸುವಿನ (1558-1637) ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅವನು ಕುಂಬಾರನಲ್ಲ. ಕತ್ತಿ ಸಾಣೆ ಹಿಡಿಯುವ, ಕತ್ತಿಗೆ ಬೆಲೆ ಕಟ್ಟುವ ಮನೆತನದವನು. ಖುಷಿಗೆ ಬಟ್ಟಲು ಮಾಡುತ್ತಿದ್ದ, ರಾಕು ಮನೆಯ ಒಲೆಯಲ್ಲಿ ಸುಡಿಸುತ್ತಿದ್ದ. ಅವನು ರಾಕು ಮನೆಗೆ ಬರೆದ ಒಂದು ಚೀಟಿ ಉಳಿದಿದೆ. ನಾಲ್ಕು ಬಟ್ಟಲಿಗೆ ಆಗುವಷ್ಟು ಬಿಳಿ ಮಣ್ಣು, ಕೆಂಪು ಮಣ್ಣು ತೆಗೆದುಕೊಂಡು ಬೇಗ ಬಾ ಅಂತ. ಭಾನುವಾರ ಬೆಳಗ್ಗೆ ಏನೋ ಹುಮ್ಮಸ್ಸು ಬಂದು ಅಂಗಡಿಗೆ ಫೋನ್ ಮಾಡುವವರ ಧಾಟಿ! ಅವನ 'ಅಮಗುಮೋ' ಅನ್ನುವ ಕಪ್ಪು ಬಟ್ಟಲೂ ಮಿತ್ಸುಯಿಯಲ್ಲೇ ಇದೆ. ಮಳೆಮೋಡ ಅಂತ ಹೆಸರು. ಕಪ್ಪು ಮೆರುಗು ಕೆಲವು ಕಡೆ ಬಿಟ್ಟುಹೋಗಿ ಮಣ್ಣು ಕಾಣುತ್ತದೆ. ಚೋಜಿರೋ ಬಟ್ಟಲಿನಲ್ಲಿ ಮಾಡಿದವನು ಕಾಣುವುದಿಲ್ಲ. ಕೋಯೆತ್ಸು ಬಟ್ಟಲಿನಲ್ಲಿ ಅವನೇ ಎದುರಿಗೆ ಕೂತ ಹಾಗಿರುತ್ತದೆ. ನನಗೆ ಎರಡೂ ಇಷ್ಟ, ಆದರೆ ದಿನಾ ಜೊತೆಗಿರಬೇಕಾದರೆ ಚೋಜಿರೋ.

ಜಪಾನಿನಲ್ಲಿ ರಾಷ್ಟ್ರೀಯ ನಿಧಿ ಅಂತ ಘೋಷಿಸಿದ ಚಹಾ ಬಟ್ಟಲು ಒಟ್ಟು 8. ಅದರಲ್ಲಿ ಐದು ಚೀನಾದ್ದು, ಒಂದು ಕೊರಿಯಾದ್ದು. ಜಪಾನಿನಲ್ಲೇ ಮಾಡಿದ್ದು ಎರಡೇ. ಅದರಲ್ಲೊಂದು ಕೋಯೆತ್ಸುವಿನ 'ಫುಜಿಸಾನ್', ಇನ್ನೊಂದು ಮಿನೋ ಸೀಮೆಯ 'ಉನೊಹನಗಾಕಿ'. ಚೋಜಿರೋವಿನದ್ದು ಒಂದೂ ಇಲ್ಲ. ಅವನ ಕೆಲವು ಬಟ್ಟಲುಗಳು ಒಂದು ಮೆಟ್ಟಿಲು ಕೆಳಗಿನ ಪಟ್ಟಿಯಲ್ಲೇ ಇವೆ. ಇದು ಅನ್ಯಾಯ ಅಂತ ನನ್ನ ಅಭಿಪ್ರಾಯ. ಯಾರೂ ಕೇಳಿಲ್ಲ, ಆದರೂ ಹೇಳಿಬಿಟ್ಟೆ.

ಈಗ ರಾಕು ಅಂದರೆ ನಮ್ಮಲ್ಲಿ ಕೇಳಿಬರುವುದು ಬೇರೆಯದೇ ಸಂಗತಿ. ಬೆಂಗಳೂರಿನ ಮಣ್ಣಿನ ಸ್ಟುಡಿಯೋಗಳಲ್ಲಿ ವಾರಾಂತ್ಯದ ರಾಕು ಕಾರ್ಯಾಗಾರ ನಡೆಯುತ್ತಿರುತ್ತದೆ. ನಾನೂ ಹೋಗಿದ್ದೇನೆ, ಮಜಾ ಇರುತ್ತದೆ. ಗ್ಯಾಸ್ ಒಲೆಯಿಂದ ಕೆಂಡದಂಥ ಹೂಜಿಯನ್ನು ಇಕ್ಕಳದಲ್ಲಿ ಎತ್ತಿ, ಮರದ ಹೊಟ್ಟು ತುಂಬಿದ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚುತ್ತಾರೆ. ದಟ್ಟ ಹೊಗೆ, ಕೆಮ್ಮು, ನಗು. ಹೊರಗೆ ಬಂದಾಗ ಮೆರುಗು ಬಿರುಕು ಬಿಟ್ಟು, ಬಿರುಕಿನೊಳಗೆ ಹೊಗೆ ಇಳಿದು, ತಾಮ್ರದ ಹೊಳಪು ಬಂದಿರುತ್ತದೆ. ಇದಕ್ಕೆ ಇನ್ನೊಂದು ವಂಶಾವಳಿ ಇದೆ. 1911ರಲ್ಲಿ ಬರ್ನಾರ್ಡ್ ಲೀಚ್ ಅನ್ನುವ ಯುವ ಇಂಗ್ಲಿಷ್ ಕಲಾವಿದ ಟೋಕಿಯೋದ ಒಂದು ಕೂಟಕ್ಕೆ ಹೋದ. ಅತಿಥಿಗಳು ಮಡಕೆಗೆ ಬಣ್ಣ ಹಚ್ಚುವುದು, ಅಲ್ಲೇ ರಾಕು ಒಲೆಯಲ್ಲಿ ಸುಟ್ಟು ಕೈಗೆ ಕೊಡುವುದು. ಒಂದು ಮಡಕೆ ಲೀಚ್‌ನ ಬದುಕನ್ನೇ ತಿರುಗಿಸಿತು. ಅವನ ಮೂಲಕ ರಾಕು ಇಂಗ್ಲೆಂಡಿಗೂ ಅಮೆರಿಕಕ್ಕೂ ಹೋಯಿತು. 1960ರಲ್ಲಿ ಅಮೆರಿಕದ ಪಾಲ್ ಸೋಲ್ಡ್‌ನರ್ ಬಿಸಿ ಮಡಕೆಯನ್ನು ಒಣ ಎಲೆಗಳಲ್ಲಿ ಹೊರಳಿಸಿ ನೋಡಿದ. ಹೊಗೆಯ ರಾಕು ಹುಟ್ಟಿದ್ದು ಹಾಗೆ.

ಕ್ಯೋಟೋದ ಕಪ್ಪಿನಲ್ಲಿ ಹೊಗೆಯ ಡಬ್ಬಿಗೆ ಪಾತ್ರ ಇಲ್ಲ. ಅಲ್ಲಿನ ಕಪ್ಪು ಕಲ್ಲಿನದ್ದು, ಕಾರ್ಯಾಗಾರದ ಕಪ್ಪು ಮಸಿಯದ್ದು. ಇದು ಅಸಲಿ, ಅದು ನಕಲಿ ಅಂತ ಹೇಳಲು ನಾನು ಹೊರಟಿಲ್ಲ. ಎರಡಕ್ಕೂ ಕೆಂಡದಂಥ ಬಟ್ಟಲನ್ನು ಇಕ್ಕಳದಲ್ಲಿ ಎಳೆಯುವ ಗುಂಡಿಗೆ ಬೇಕು. ಆದರೆ ಕಾರ್ಯಾಗಾರದಲ್ಲಿ ನಮಗೆ ಕೊಡುವ ಭರವಸೆ ಏನು ಅಂದರೆ, ಏನು ಬರುತ್ತೋ ನೋಡೋಣ, ಬೆಂಕಿಗೆ ಬಿಡೋಣ. ಕ್ಯೋಟೋದವರು ಬೆಂಕಿಗೆ ಅಷ್ಟೊಂದು ಬಿಡುವುದಿಲ್ಲ. ಹತ್ತು ಸಲ ಬಳಿದು, ಒಂದೊಂದೇ ಬಟ್ಟಲು ಸುಟ್ಟು, ಯಾವ ಕ್ಷಣದಲ್ಲಿ ಎಳೆಯಬೇಕು ಅಂತ ಕಣ್ಣು ನೆಟ್ಟು ಕೂತವರು ಅದೃಷ್ಟದ ಮೇಲೆ ಭಾರ ಹಾಕಿದವರಲ್ಲ. ಎಳೆದ ಮೇಲೂ ಮನಸ್ಸಿಗೆ ಬಾರದ್ದನ್ನು ಒಡೆದು ಹಾಕುವ ಹಕ್ಕನ್ನು ಕುಂಬಾರ ಇಟ್ಟುಕೊಂಡಿರುತ್ತಾನೆ.

ಶುನ್ಕಾನ್ ನೋಡಬೇಕು ಅನ್ನುವವರಿಗೆ ಒಂದು ಸೂಚನೆ. ಮಿತ್ಸುಯಿಯಲ್ಲಿ ಪ್ರದರ್ಶನ ಬದಲಾಗುತ್ತಿರುತ್ತದೆ, ಬಟ್ಟಲು ಯಾವಾಗಲೂ ಹೊರಗೆ ಇರುವುದಿಲ್ಲ. ಹೊರಡುವ ಮುಂಚೆ ಅವರ ಪ್ರದರ್ಶನ ಪಟ್ಟಿ ನೋಡಿಕೊಳ್ಳಿ. ಕ್ಯೋಟೋದ ರಾಕು ವಸ್ತುಸಂಗ್ರಹಾಲಯ ಅಬುರನೊಕೋಜಿ ಬೀದಿಯಲ್ಲಿ, ಆ ಮನೆಯವರು ಇಂದಿಗೂ ಬಟ್ಟಲು ಮಾಡುವ ಮನೆಯ ಪಕ್ಕದಲ್ಲೇ ಇದೆ. ಎಲ್ಲಿ ಹೋದರೂ ಪೆಟ್ಟಿಗೆಯ ಎದುರು ನಿಂತು ಫೋಟೋ ಕೋನ ಹುಡುಕಬೇಡಿ. ಮಂಡಿ ಬಗ್ಗಿಸಿ, ಬಟ್ಟಲಿನ ಅಂಚಿನ ಮಟ್ಟಕ್ಕೆ ಕಣ್ಣು ತಂದು, ಬದಿಯಿಂದ ನೋಡಿ. ಇಕ್ಕಳದ ಗುರುತು ಇದೆಯಾ ಹುಡುಕಿ. ಕಾವಲಿನವರು ಸ್ವಲ್ಪ ಅನುಮಾನದಿಂದ ನೋಡುತ್ತಾರೆ, ಏನೂ ಅನ್ನುವುದಿಲ್ಲ.